ಪಿಎಸ್‌ಸಿ ಫೋಟೋದಲ್ಲಿ ನನ್ನ ಮೋರೆ ಕುಂಬಳಕಾಯಿ ಆಗ್ತದೆ, ಎಂತ ಮಾಡುವುದು?

ಪೆರ್ಲದ ಟೀಚರ್:

ಎಲ್ಲರಿಗೂ ನಮಸ್ಕಾರ. ಎಲ್‌ಪಿ (ಲೋವರ್ ಪ್ರೈಮರಿ) ಸ್ಕೂಲ್ ಕನ್ನಡ ಮೀಡಿಯಂ ಟೀಚರ್ ಪೋಸ್ಟಿಗೆ ಕೇರಳ ಪಿಎಸ್‌ಸಿಯಲ್ಲಿ ಅರ್ಜಿ ಹಾಕಲಿಕ್ಕುಂಟು. ಬುಧವಾರ ಕೊನೇ ದಿನ. ಫೋಟೋ ಅಗಲ 150 ಪಿಕ್ಸೆಲ್, ಎತ್ತರ 200 ಪಿಕ್ಸೆಲ್, 30 ಕೆಬಿಯ ಒಳಗೆ ಇರಬೇಕು. ಅಡಿಯಲ್ಲಿ ಹೆಸರು, ಫೋಟೋ ತೆಗೆದ ತಾರೀಕು ಬೇಕು. ಇಷ್ಟೇ. ಇದಕ್ಕೆ ನನ್ನ ಎರಡು ರಾತ್ರಿ ಹೋಯ್ತು.

ತಮ್ಮ ಮನೆಯ ಬಿಳಿ ಗೋಡೆ ಎದುರು ನಿಲ್ಲಿಸಿ ಫೋನಿನಲ್ಲಿ ತೆಗೆದದ್ದು. ಕಂಪ್ಯೂಟರಿನ ಪೈಂಟಿನಲ್ಲಿ ತೆರೆದು ಅಗಲ 150 ಹಾಕಿದರೆ ಎತ್ತರ ತನ್ನಷ್ಟಕ್ಕೇ 267 ಆಗ್ತದೆ. ಅಲ್ಲಿ ಅಗಲ ಎತ್ತರವನ್ನು ಒಟ್ಟಿಗೆ ಹಿಡಿದಿಡುವ ಒಂದು ಟಿಕ್ ಉಂಟಲ್ಲ, ಅದನ್ನು ತೆಗೆದು 200 ಹಾಕಿದೆ. ಸೈಜು ಸರಿ ಬಂತು, ಮೋರೆ ಮಾತ್ರ ಕುಂಬಳಕಾಯಿ. ಅಮ್ಮ ನೋಡಿ "ಇದು ಯಾರು?" ಕೇಳಿದರು. ಆಮೇಲೆ ಸೈಜ್ ಕಡಿಮೆ ಮಾಡುವ ಒಂದು ಆ್ಯಪ್ ಹಾಕಿಕೊಂಡೆ. 28 ಕೆಬಿಗೆ ಇಳಿಯಿತು, ಆದರೂ ಸೈಟ್ ತೆಗೆದುಕೊಳ್ಳುವುದಿಲ್ಲ. ಹೆಸರು ಬರೆದದ್ದು ಇರುವೆ ಸಾಲಿನ ಹಾಗೆ ಕಾಣ್ತದೆ. ಪೇಟೆಯಲ್ಲಿ ಒಂದು ಕಡೆ ಮಾಡಿಸಿದ್ದೆ, ಅವರು ಗಲ್ಲದ ಅರ್ಧ ಕತ್ತರಿಸಿ ಕೊಟ್ಟರು. ಇನ್ನು ಬಸ್ಸು ಹತ್ತಿ ಹೋಗಲಿಕ್ಕೆ ಮನಸ್ಸಿಲ್ಲ. ಮನೆಯಲ್ಲೇ ಮಾಡಲಿಕ್ಕೆ ಯಾರಾದರೂ ಸರಿಯಾಗಿ ಹೇಳಿಕೊಡಿ.

ಗುಡ್ಡೆಮನೆ ಹುಡುಗ:

ಅಕ್ಕಾ, ಗೂಗಲಲ್ಲಿ ಹುಡುಕಿದ್ರೆ ಅದಕ್ಕೇ ಅಂತ ಹತ್ತು ಸೈಟು ಉಂಟು. ಫೋಟೋ ಹಾಕಿ, ಒತ್ತಿ, ಆಯ್ತು. ಎರಡು ನಿಮಿಷ.

ಹಳೇ ಸ್ಟುಡಿಯೋ, ಬದಿಯಡ್ಕ:

ತಮ್ಮಾ, ಗುರುತು ಪರಿಚಯ ಇಲ್ಲದ ಸೈಟಿಗೆ ಹೆಸರು ಬರೆದ ಮೋರೆಯನ್ನೂ ಸಹಿಯನ್ನೂ ಒಟ್ಟಿಗೆ ಕೊಡಬೇಡ. ಅದು ಬೇಡವೇ ಬೇಡ, ಕಂಪ್ಯೂಟರಿನಲ್ಲಿ ಬೇಕಾದ್ದೆಲ್ಲ ಉಂಟು.

ಟೀಚರ್, ನೀವು 267 ಎಂದದ್ದೇ ಒಳ್ಳೆದಾಯ್ತು. ರೋಗ ಗೊತ್ತಾಯ್ತು. ನಿಮ್ಮ ತಮ್ಮ ಕ್ಯಾಮರಾವನ್ನು 9:16ರಲ್ಲಿ, ಅಂದರೆ ಅಗಲ 9 ಪಾಲು, ಎತ್ತರ 16 ಪಾಲು ಬರುವ ಹಾಗೆ ಇಟ್ಟು ತೆಗೆದಿದ್ದಾನೆ. 150ನ್ನು 9ರಿಂದ ಭಾಗಿಸಿ 16ರಿಂದ ಗುಣಿಸಿ ನೋಡಿ, 267 ಬರ್ತದೆ. ಪಿಎಸ್‌ಸಿ ಕೇಳುವುದು 3:4. ನೀವು ಟಿಕ್ ತೆಗೆದು 267ನ್ನು 200ಕ್ಕೆ ಅದುಮಿದಿರಿ, ಅಂದರೆ ಎತ್ತರದಲ್ಲಿ ಕಾಲು ಭಾಗ ಹೋಯ್ತು, ಅಗಲ ಇದ್ದ ಹಾಗೇ ಉಳಿಯಿತು. ಮತ್ತೆ ಕುಂಬಳಕಾಯಿ ಆಗದೆ ಇರ್ತದಾ? ಚೌಕದ ಫೋಟೋಕ್ಕೆ ಇದೇ ಕೆಲಸ ಮಾಡುತ್ತಿದ್ದರೆ ಪಡುವಲಕಾಯಿ ಆಗುತ್ತಿತ್ತು.

ಕ್ರಾಪ್ ಬೇರೆ, ರೀಸೈಜ್ ಬೇರೆ. ಹಾಳೆತಟ್ಟೆಯ ಅಂಚು ಕತ್ತರಿಸಿದ ಹಾಗೆ ಕ್ರಾಪ್. ಕತ್ತರಿಸಿದ್ದು ಹೋಯ್ತು, ಉಳಿದದ್ದು ಇದ್ದ ಹಾಗೇ. ಹಣ್ಣಡಿಕೆ ಅಂಗಳದಲ್ಲಿ ಒಣಗಿ ಸಣ್ಣ ಆದ ಹಾಗೆ ರೀಸೈಜ್. ನಾನು ಡಾರ್ಕ್ ರೂಮಿನಲ್ಲಿ ಕೆಲಸ ಕಲಿತವ. ಅಲ್ಲಿ ಫಿಲ್ಮಿನಿಂದ ಪ್ರಿಂಟ್ ಮಾಡುವ ಎನ್‌ಲಾರ್ಜರಿನ ತಲೆಯನ್ನು ಮೇಲೆ ಕೆಳಗೆ ಮಾಡಿದರೆ ಚಿತ್ರ ದೊಡ್ಡದು ಸಣ್ಣದು ಆಗುತ್ತಿತ್ತು, ಕಾಗದ ಹಿಡಿಯುವ ಈಸೆಲ್ಲಿನ ಪಟ್ಟಿ ಸರಿಸಿದರೆ ಅಂಚು ಹೋಗುತ್ತಿತ್ತು. ಎರಡಕ್ಕೂ ಬೇರೆ ಬೇರೆ ಕೈ. ಮೋರೆ ಅಡ್ಡಕ್ಕೆ ಎಳೆಯುವ ವಿದ್ಯೆ ಆಗ ನಮಗೆ ಗೊತ್ತೇ ಇರಲಿಲ್ಲ! ಆಕಾರ ಸರಿ ಮಾಡುವುದು ಕ್ರಾಪಿನ ಕೆಲಸ. ಅದನ್ನು ಮೊದಲು ಮಾಡಿ. ಸಣ್ಣ ಮಾಡುವುದು ಆಮೇಲೆ.

ಪೈಂಟಿನಲ್ಲಿ ಸೆಲೆಕ್ಟ್ ತೆಗೆದುಕೊಂಡು ಮೋರೆಯ ಸುತ್ತ ಚೌಕಟ್ಟು ಎಳೆಯಿರಿ. ಎಳೆಯುವಾಗ ಕೆಳಗಿನ ಪಟ್ಟಿಯಲ್ಲಿ ಅಳತೆ ಕಾಣ್ತದೆ. ಅಗಲ 1500, ಎತ್ತರ 2000ದ ಹತ್ತಿರ ಬಂದರೆ ಸಾಕು. ತಲೆಯ ಮೇಲೆ ಸ್ವಲ್ಪ ಗೋಡೆ ಬಿಡಿ, ಗಲ್ಲದ ಕೆಳಗೆ ಎದೆಯವರೆಗೆ ಬೇಕಾದಷ್ಟು ಬಿಡಿ, ಹೆಸರಿನ ಬಿಳಿ ಪಟ್ಟಿ ಬರುವುದು ಅಲ್ಲಿಯೇ. ಪೇಟೆಯವರು ಗಲ್ಲ ಕತ್ತರಿಸಿದ್ದು ಆ ಪಟ್ಟಿಗೆ ಜಾಗ ಬಿಡದ್ದರಿಂದ ಇರಬೇಕು. ಕ್ರಾಪ್ ಒತ್ತಿ. ಈಗ ರೀಸೈಜಿಗೆ ಹೋಗಿ ಪಿಕ್ಸೆಲ್ ಆರಿಸಿ, ಟಿಕ್ ಹಾಗೇ ಇರಲಿ, ಅಗಲ 150 ಹಾಕಿ. ಎತ್ತರ 200 ಆಗ್ತದೆ. 199 ಅಥವಾ 201 ಬಂದರೆ ಆಗ ಮಾತ್ರ ಟಿಕ್ ತೆಗೆದು ಸರಿ ಮಾಡಿ. ಒಂದು ಪಿಕ್ಸೆಲಿಗೆ ಯಾರೂ ಕುಂಬಳಕಾಯಿ ಆಗುವುದಿಲ್ಲ.

ಇನ್ನು ಹೆಸರು. ಫೋನಿನ ಮಾಮೂಲಿ ಫೋಟೋ 3000ಕ್ಕೆ 4000, ಅಂದರೆ ಒಂದು ಕೋಟಿ ಇಪ್ಪತ್ತು ಲಕ್ಷ ಚುಕ್ಕೆ (ಪಿಕ್ಸೆಲ್). 150ಕ್ಕೆ 200 ಎಂದರೆ ಬರೇ ಮೂವತ್ತು ಸಾವಿರ. ನಾನೂರು ಚುಕ್ಕೆ ಸೇರಿ ಒಂದಾಗುವಲ್ಲಿ ಮೊದಲೇ ಬರೆದ ಅಕ್ಷರ ಎಲ್ಲಿ ಉಳಿಯುವುದು? ಸಣ್ಣ ಮಾಡಿ ಆದ ಮೇಲೆ ಬರೆಯಿರಿ. ಅಡಿಯಲ್ಲಿ 35 ಪಿಕ್ಸೆಲಿನಷ್ಟು ಬಿಳಿ ಆಯತ ಹಾಕಿ, ಅದರೊಳಗೆ ಎರಡು ಸಾಲು ಕಪ್ಪು ಅಕ್ಷರ. ನಮ್ಮ ಕಡೆಯವರ ಹೆಸರಿಗೆ ಮನೆ, ಅಪ್ಪ, ಊರು ಎಂದು ಮೂರು ಇನಿಷಿಯಲ್ ಇದ್ದರೆ 150ರೊಳಗೆ ಹಿಡಿಸಲಿಕ್ಕೆ ಸ್ವಲ್ಪ ಒದ್ದಾಡಬೇಕು.

ಕೆಬಿಯ ತಲೆಬಿಸಿ ಬಿಡಿ. ಮೂವತ್ತು ಸಾವಿರ ಚುಕ್ಕೆ, ಒಂದಕ್ಕೆ ಮೂರು ಬೈಟ್, ಏನೂ ಒತ್ತದೆ ಇಟ್ಟರೂ ಸುಮಾರು ತೊಂಬತ್ತು ಸಾವಿರ ಬೈಟ್ ಅಷ್ಟೇ. ಜೆಪಿಜಿ ಮಾಡಿದರೆ ಹೆಚ್ಚಾಗಿ 30 ಕೆಬಿಯ ಒಳಗೇ ಬರ್ತದೆ. ನಿಮ್ಮ ಆ್ಯಪ್ ಮಾಡಿದ್ದು ಉಲ್ಟಾ. ಚುಕ್ಕೆಗಳ ಲೆಕ್ಕ ಸರಿ ಮಾಡದೆ ಗುಣಮಟ್ಟವನ್ನು ಹಿಂಡಿ ಕೆಬಿ ಇಳಿಸಿತು. ಸೈಟ್ ಕೇಳಿದ್ದು ಎರಡನ್ನೂ.

ಆದರೆ ನನ್ನನ್ನು ಕೇಳಿದರೆ ಹೊಸತೇ ತೆಗೆಯಿರಿ. ಕ್ಯಾಮರಾ 3:4ಕ್ಕೆ ಇಟ್ಟು, ತಮ್ಮ ಆರಡಿ ದೂರ ನಿಂತು ಸ್ವಲ್ಪ ಜೂಮ್ ಮಾಡಲಿ. ಹತ್ತಿರ ಬಂದು ತೆಗೆದರೆ ಮೂಗು ದೊಡ್ಡದು, ಕಿವಿ ಸಣ್ಣದು ಆಗ್ತದೆ. ಅದನ್ನು ಯಾವ ರೀಸೈಜಿನಿಂದಲೂ ಸರಿ ಮಾಡಲಿಕ್ಕೆ ಆಗುವುದಿಲ್ಲ.

ಕುಂಬಳೆ ಮೇಷ್ಟ್ರು:

ಸ್ಟುಡಿಯೋದವರು ಹೇಳಿದ್ದು ಸರಿ. ಟೀಚರೇ, ನಿಮ್ಮ ಶಾಲೆಯ ಲ್ಯಾಪ್‌ಟಾಪಿನಲ್ಲಿ ಕೈಟಿನ (ಕೇರಳದ ಶಾಲೆಗಳ ಕಂಪ್ಯೂಟರ್ ಕೆಲಸ ನೋಡುವ ಸರ್ಕಾರಿ ಸಂಸ್ಥೆ) ಲಿನಕ್ಸ್ ಇದ್ದರೆ ಪೈಂಟ್ ಹುಡುಕಬೇಡಿ, ಫೋಟೋ ತಿದ್ದುವ ಗಿಂಪ್ ತೆರೆಯಿರಿ. ನಮ್ಮ ಹೈಸ್ಕೂಲ್ ಮಕ್ಕಳಿಗೇ ಗೊತ್ತುಂಟು. ಕ್ರಾಪ್ ಟೂಲಿನಲ್ಲಿ 'ಫಿಕ್ಸ್‌ಡ್' ಟಿಕ್ ಮಾಡಿ 3:4 ಎಂದು ಬರೆದರೆ ಚೌಕಟ್ಟು ಹೇಗೆ ಎಳೆದರೂ ಆಕಾರ ತಪ್ಪುವುದಿಲ್ಲ, ಕಣ್ಣಳತೆ ಬೇಡ. ಮತ್ತೆ 'ಸ್ಕೇಲ್ ಇಮೇಜ್'. ಕೊನೆಗೆ 'ಸೇವ್' ಅಲ್ಲ, 'ಎಕ್ಸ್‌ಪೋರ್ಟ್'. ಸೇವ್ ಕೊಟ್ಟರೆ ಅದು ಗಿಂಪಿನದ್ದೇ ಫೈಲು ಆಗ್ತದೆ, ಪಿಎಸ್‌ಸಿಗೆ ಆಗುವುದಿಲ್ಲ. ಜೆಪಿಜಿಗೆ ಎಕ್ಸ್‌ಪೋರ್ಟ್ ಮಾಡುವಾಗ ಪ್ರಿವ್ಯೂ ಟಿಕ್ ಹಾಕಿದರೆ ಎಷ್ಟು ಕೆಬಿ ಆಗ್ತದೆಂದು ಮೊದಲೇ ತೋರಿಸ್ತದೆ.

ಗುಡ್ಡೆಮನೆ ಹುಡುಗ:

ಸರಿ ಮಾವ, ಸೈಟು ಬಿಟ್ಟೆ. ಒಂದು ಮಾತ್ರ ಹೇಳ್ತೇನೆ. ತಮ್ಮನ ಫೋನಿಂದ ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ರೆ ದಾರಿಯಲ್ಲೇ ಸಣ್ಣ ಆಗಿ ಬರ್ತದೆ. ಮತ್ತೆ ಸ್ಕ್ರೀನ್‌ಶಾಟ್ ತೆಗೆದು ಹೆಸರಿನ ಕೊನೆಗೆ ಜೆಪಿಜಿ ಅಂತ ಬದಲಿಸಿದ್ರೆ ಅದು ಜೆಪಿಜಿ ಆಗುವುದಿಲ್ಲ, ಒಳಗೆ ಪಿಎನ್‌ಜಿಯೇ. ನಾನು ಹಾಗೆ ಮಾಡಿ ಒಂದು ಅರ್ಜಿ ತಪ್ಪಿಸಿಕೊಂಡವ.

ಮಾವ, ನಿಮ್ಮ ಹತ್ತಿರ ಒಂದು ಕೇಳ್ಲಿಕ್ಕುಂಟು. ಕಳೆದ ತಿಂಗಳು ಯಕ್ಷಗಾನ ಆಟದಲ್ಲಿ ಬಣ್ಣದ ವೇಷದ ಫೋಟೋ ತೆಗೆದೆ, ಫೋನಿನಲ್ಲಿ ಭಾರೀ ಲಾಯ್ಕ. ಒಂದು ಕಡೆ 4-6 ಇಂಚಿನ ಪ್ರಿಂಟ್ ಹಾಕಿಸಿದ್ರೆ ಕಿರೀಟದ ತುದಿಯೇ ಇಲ್ಲ!

ಹಳೇ ಸ್ಟುಡಿಯೋ, ಬದಿಯಡ್ಕ:

ಫೋನ್ ಅಡ್ಡ ಹಿಡಿದರೆ 4:3, ಆ ಕಾಗದ 3:2. ಅಗಲಕ್ಕೆ ಹೊಂದಿಸಿದಾಗ ಎತ್ತರದಲ್ಲಿ ಒಂಬತ್ತರಲ್ಲಿ ಒಂದು ಪಾಲು ಕಾಗದದ ಹೊರಗೆ ಬೀಳ್ತದೆ. ಯಂತ್ರಕ್ಕೆ ಕಿರೀಟವೂ ಒಂದೇ, ಚಪ್ಪರವೂ ಒಂದೇ. ತೆಗೆಯುವಾಗಲೇ ಎರಡು ಹೆಜ್ಜೆ ಹಿಂದೆ ನಿಲ್ಲು, ಇಲ್ಲದಿದ್ದರೆ ಪ್ರಿಂಟಿನವರ ಹತ್ತಿರ ಬಿಳಿ ಅಂಚು ಬಿಟ್ಟು ಪೂರ್ತಿ ಹಾಕಲಿಕ್ಕೆ ಹೇಳು. ಬಣ್ಣದ ವೇಷದವರು ಮೋರೆಗೆ ಅಕ್ಕಿ ಹಿಟ್ಟಿನ ಚುಟ್ಟಿ ಇಡಲಿಕ್ಕೆ ಗಂಟೆಗಟ್ಟಲೆ ಕೂರುತ್ತಾರೆ ಮಾರಾಯ, ಅವರ ಕಿರೀಟ ಕತ್ತರಿಸಬಾರದು.

ಪೆರ್ಲದ ಟೀಚರ್:

ಆಯ್ತು!! ಇವತ್ತು ಬೆಳಿಗ್ಗೆ ಹೊಸತು ತೆಗೆಸಿದೆ. ಆರಡಿ ದೂರಕ್ಕೆ ತಮ್ಮ ಅಂಗಳಕ್ಕೆ ಇಳಿಯಬೇಕಾಯ್ತು, ಅಲ್ಲಿ ಒಣಗಲಿಕ್ಕೆ ಹಾಕಿದ ಅಡಿಕೆ ತುಳಿದು ಅಪ್ಪನ ಕೈಯಲ್ಲಿ ಬೈಗಳು ತಿಂದ. 150ಕ್ಕೆ 200, 17 ಕೆಬಿ. ಅಮ್ಮನಿಗೆ ಗುರುತು ಸಿಕ್ಕಿತು. ಸೈಟೂ ತೆಗೆದುಕೊಂಡಿತು.

ಈಗ ಸಹಿ ಕೇಳ್ತಾ ಉಂಟು, 150ಕ್ಕೆ 100. ಕಾಗದದಲ್ಲಿ ಹಾಕಿ ಫೋಟೋ ತೆಗೆದರೆ ಸಹಿ ಮೂಲೆಯಲ್ಲಿ ಸೊಳ್ಳೆಯಷ್ಟು ಕಾಣ್ತದೆ. ನಾನು ಕನ್ನಡದಲ್ಲಿ ಸಹಿ ಹಾಕುವವಳು, ಕೊಂಬು ಒತ್ತಕ್ಷರ ಎಲ್ಲ ಮಾಯ.

ಹಳೇ ಸ್ಟುಡಿಯೋ, ಬದಿಯಡ್ಕ:

ಬಿಳಿ ಕಾಗದದಲ್ಲಿ ಪೆನ್ಸಿಲಿನಿಂದ 6 ಸೆಂಟಿಮೀಟರ್ ಅಗಲ, 4 ಸೆಂಟಿಮೀಟರ್ ಎತ್ತರದ ಚೌಕಟ್ಟು ಎಳೆಯಿರಿ. ಸಹಿ ಅದನ್ನು ತುಂಬಿಕೊಳ್ಳಲಿ, ಕಪ್ಪು ಪೆನ್ನು ಸ್ವಲ್ಪ ದಪ್ಪದ್ದು ಇರಲಿ. ಹಗಲು ಬೆಳಕಿನಲ್ಲಿ, ನಿಮ್ಮ ಕೈಯ ನೆರಳು ಬೀಳದ ಹಾಗೆ ನೇರ ಮೇಲಿನಿಂದ ತೆಗೆಯಿರಿ. ಆ ಗೆರೆಯ ಒಳಗಿಂದ ಕ್ರಾಪ್, ಆಮೇಲೆ 150. ಎತ್ತರ 100 ತಾನಾಗಿ ಬರ್ತದೆ. ತಮ್ಮನನ್ನು ಈ ಸಲ ಅಂಗಳಕ್ಕೆ ಇಳಿಸಬೇಡಿ.