ಪಾಲಿಅನಿಲೀನ್ ಪದರದಲ್ಲಿ ಕರೆಂಟೇ ಹರೀತಿಲ್ಲ!

ಹಸಿರುಪದರ: ತಲೆ ಕೆಟ್ಟುಹೋಗಿದೆ. ಅನಿಲೀನ್, ಅಮೋನಿಯಂ ಪರ್ಸಲ್ಫೇಟ್, ಆಸಿಡ್, ಎಲ್ಲ ಲೆಕ್ಕದ ಪ್ರಕಾರವೇ ಹಾಕಿದ್ದು. ಗಾಜಿನ ಮೇಲೆ ಪದರ ನೀಟಾಗಿ ಕೂತಿದೆ. ಮಲ್ಟಿಮೀಟರ್ ಇಟ್ರೆ ಓಎಲ್, ಅಂದ್ರೆ ರೋಧ ಅಳತೆಗೇ ಸಿಗದಷ್ಟು! ಇದನ್ನ ವಾಹಕ ಪಾಲಿಮರ್ ಅಂದವರು ಯಾರು?

ನಾಲ್ಕುಸೂಜಿ: ಎರಡೇ ಪ್ರೋಬ್ ಇಟ್ರೆ ಸಂಪರ್ಕದ ರೋಧವೂ ಸೇರ್ಕೊಳ್ಳುತ್ತೆ. ಸಿಲ್ವರ್ ಪೇಸ್ಟ್ ಹಚ್ಚಿದ್ರಾ?

ಹಸಿರುಪದರ: ಹಚ್ಚಿದ್ದೀನಿ. ಅದೇ ಓಎಲ್.

ನಾಲ್ಕುಸೂಜಿ: ಪೇಸ್ಟ್ ಒಣಗಿರಲ್ಲ. ಇಲ್ಲಾ ಪದರ ಬಿರುಕು ಬಿಟ್ಟಿದೆ. ಸಂಪರ್ಕದ್ದೇ ತೊಂದರೆ, ಬರೆದಿಟ್ಕೊಳ್ಳಿ.

ಬೆಂಜೀನ್‌ಬಳೆ: ಪೇಸ್ಟ್ ಪುರಾಣ ಸಾಕು ಸಾರ್. ಪದರದ ಬಣ್ಣ ಏನು?

ಹಸಿರುಪದರ: ನೀಲಿ. ಮೊದಲು ಹಸಿರಿತ್ತು. ಪ್ರೋಬ್ ತುಕ್ಕು ಹಿಡೀಬಾರದು ಅಂತ ಅಮೋನಿಯಾ ನೀರಲ್ಲಿ ತೊಳೆದೆ. ಎಲ್ರೂ ತೊಳೀತಾರಲ್ವಾ?

ಬೆಂಜೀನ್‌ಬಳೆ: ಅಲ್ಲೇ ಇರೋದು! ಈಗ ಅದು ಎಮರಾಲ್ಡಿನ್ ಬೇಸ್, ಅಂದ್ರೆ ಪಾಲಿಅನಿಲೀನ್‌ನ ನೀಲಿ ರೂಪ. ಮೊದಲಿದ್ದ ಹಸಿರು, ಆಸಿಡ್ ಸೇರಿದ ಲವಣ ರೂಪ. ಸರಪಳಿ ಅದೇ, ಉತ್ಕರ್ಷಣ ಸ್ಥಿತಿಯೂ ಅದೇ. ಆದರೆ ಇಮೀನ್ ನೈಟ್ರೋಜನ್ (ಕಾರ್ಬನ್ ಜೊತೆ ಜೋಡಿಬಂಧ ಇರೋದು) ಮೇಲಿದ್ದ ಪ್ರೋಟಾನನ್ನ ಅಮೋನಿಯಾ ಕಿತ್ಕೊಂಡಿದೆ. ಪ್ರೋಟಾನ್ ಇದ್ರೆ ಕ್ವಿನಾಯ್ಡ್ ಉಂಗುರ (ಒಳಗೆ ಎರಡೇ ಜೋಡಿಬಂಧ ಇರೋದು) ಬೆಂಜಿನಾಯ್ಡ್ (ಬೆಂಜೀನ್ ತರದ್ದು) ಆಗಿ, ಒಂಟಿ ಎಲೆಕ್ಟ್ರಾನ್‌ಗಳು ಪೋಲರಾನ್, ಅಂದ್ರೆ ಚಲಿಸಬಲ್ಲ ವಿದ್ಯುದಂಶದ ರೂಪದಲ್ಲಿ ಸರಪಳಿಯುದ್ದಕ್ಕೂ ಹರಡ್ಕೊಳ್ತವೆ. ಹಸಿರು ಲವಣದ ವಾಹಕತೆ ಸೆಂಟಿಮೀಟರಿಗೆ 1 ಸೀಮೆನ್ಸ್ ಆಸುಪಾಸು. ನೀಲಿಯದ್ದು ಅದರ ನೂರು ಕೋಟಿಯಲ್ಲೊಂದು ಪಾಲೂ ಇರೋದು ಕಷ್ಟ. 1 ಮೋಲಾರ್ ಹೈಡ್ರೋಕ್ಲೋರಿಕ್ ಆಸಿಡ್ಡಲ್ಲಿ ಅದ್ದಿ ನೋಡಿ.

ನಾಲ್ಕುಸೂಜಿ: ಎಲೆಕ್ಟ್ರಾನ್ ಕೀಳದೆ ವಾಹಕ ಹೇಗಾಗುತ್ತೆ? 1977ರಲ್ಲಿ ಶಿರಾಕಾವ, ಮ್ಯಾಕ್‌ಡಿಯರ್ಮಿಡ್, ಹೀಗರ್ ಪಾಲಿಅಸಿಟಲೀನ್‌ಗೆ ಅಯೋಡಿನ್ ಕೊಟ್ಟಿದ್ದು ಅದಕ್ಕೇ ತಾನೇ?

ಬೆಂಜೀನ್‌ಬಳೆ: ಅದು ಪಾಲಿಅಸಿಟಲೀನ್ ಕಥೆ. ಇದರ ಬೆನ್ನೆಲುಬಲ್ಲಿ ನೈಟ್ರೋಜನ್ ಇದೆ, ಹಾಗಾಗಿ ಎಲೆಕ್ಟ್ರಾನ್ ಲೆಕ್ಕ ಬದಲಾಗದೇ ಬರೀ ಪ್ರೋಟಾನಿಂದ ಕೆಲಸ ಆಗುತ್ತೆ.

ಕತ್ತಲೆಕೋಣೆ: ನಾನಂತೂ ಪಾಲಿಅನಿಲೀನ್ ಸಹವಾಸ ಬಿಟ್ಟೆ. ಈಗ ಪಿ3ಎಚ್‌ಟಿ (ಹೆಕ್ಸಿಲ್ ಗುಂಪು ಹೊತ್ತ ಥಿಯೋಫೀನ್ ಉಂಗುರಗಳ ಪಾಲಿಮರ್), ತಿರುಗಿಸಿ ಪದರ ಹರಡೋ ಸ್ಪಿನ್ ಕೋಟರ್ ಗಾಳಿ ಹೋಗದ ಗ್ಲೋವ್‌ಬಾಕ್ಸ್ ಒಳಗೇ ಇದೆ! ಹೆಕ್ಸಿಲ್ ಗುಂಪುಗಳು ತಲೆ-ಬಾಲ ಕ್ರಮದಲ್ಲಿದ್ರೆ ಸರಪಳಿ ಚಪ್ಪಟೆ, ಪದರ ನೇರಳೆ. ಅಡ್ಡಾದಿಡ್ಡಿ ಇದ್ರೆ ಉಂಗುರಗಳು ತಿರುಚ್ಕೊಂಡು ಬ್ಯಾಂಡ್ ಗ್ಯಾಪ್ (ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೇರೋಕೆ ಬೇಕಾದ ಶಕ್ತಿ) ಹಿಗ್ಗುತ್ತೆ, ಬಣ್ಣ ಕಿತ್ತಳೆ ಕಡೆಗೆ. ಫೋಟೊ ಹಾಕ್ಲಾ?

ನಾಲ್ಕುಸೂಜಿ: ಹಾಕಿ ಹಾಕಿ. ಎಷ್ಟು ಆರ್‌ಪಿಎಂ?

ಹಸಿರುಪದರ: ಇದು ನನ್ನ ಪ್ರಶ್ನೆ ಸ್ವಾಮಿ! ಆಸಿಡ್ಡಲ್ಲಿ ಅದ್ದಿದೆ, ಹಸಿರಾಯ್ತು, ಕಿಲೋ ಓಮ್‌ಗೆ ಇಳೀತು. ಇನ್ನು ನೀರಲ್ಲಾದ್ರೂ ತೊಳೀಬಹುದಾ?

ಬೆಂಜೀನ್‌ಬಳೆ: ಬೇಡ. ಪಿಎಚ್ 4 ದಾಟಿದ್ರೆ ಮತ್ತೆ ಪ್ರೋಟಾನ್ ಬಿಡೋಕೆ ಶುರು. ತೆಳು ಆಸಿಡ್ಡಲ್ಲೇ ತೊಳೀರಿ. ಕಾಯಿಸಿ ಒಣಗಿಸಬೇಡಿ, ಹೈಡ್ರೋಜನ್ ಕ್ಲೋರೈಡ್ ಹಾರಿಹೋಗುತ್ತೆ. ಬಾಳಿಕೆ ಬೇಕಿದ್ರೆ ಕ್ಯಾಂಫರ್ ಸಲ್ಫೋನಿಕ್ ಆಸಿಡ್ ಬಳಸಿ, ಅದು ಅಷ್ಟು ಸುಲಭಕ್ಕೆ ಹಾರಲ್ಲ.

ಕತ್ತಲೆಕೋಣೆ: 1500 ಆರ್‌ಪಿಎಂ. ದ್ರಾವಕ ಕ್ಲೋರೋಬೆಂಜೀನ್. ಫೋಟೊ ರಾತ್ರಿ ಹಾಕ್ತೀನಿ.