ಹೈಡ್ರಾಲಿಕ್ ಸ್ಕ್ರೇಪರ್: ಬಾರ್ ಹೋಗುತ್ತೆ ಬರುತ್ತೆ, ಬ್ಲೇಡ್ ಮಾತ್ರ ನಿಂತಲ್ಲೇ

ಕೋಲಾರ_ಹೈನು
ತಲೆ ಕೆಟ್ಟು ಹೋಗಿದೆ. ಹಸು ಶೆಡ್ಡಿನ ಸಗಣಿ ತಳ್ಳೋ ಸ್ಕ್ರೇಪರ್ ಬೆಳಿಗ್ಗೆ ಚೆನ್ನಾಗಿ ಓಡುತ್ತೆ, ಮಧ್ಯಾಹ್ನ ಆದ್ರೆ ಶೆಡ್ಡಿನ ಮಧ್ಯದಲ್ಲಿ ನಿಂತುಬಿಡುತ್ತೆ. ಬ್ಲೇಡ್ ಎಳೆಯೋ ಉದ್ದದ ಕಬ್ಬಿಣದ ಬಾರ್ ಹಿಂದೆ ಮುಂದೆ ಆಡ್ತಾನೇ ಇರುತ್ತೆ, ಬ್ಲೇಡ್ ಒಂದಿಂಚೂ ಕದಲಲ್ಲ. ಒಂದೇ ಜಾಗ ಅಂತಲೂ ಇಲ್ಲ, ಎಲ್ಲಿ ಬೇಕಾದ್ರೂ ನಿಲ್ಲುತ್ತೆ. ಬ್ಲೇಡನ್ನು ಬಾರಿಗೆ ಸಿಕ್ಕಿಸೋ ಕೊಕ್ಕೆಯ ಸ್ಪ್ರಿಂಗ್ ಹೊಸದು ಹಾಕಿದ್ದೀನಿ, ಎಣ್ಣೆ ಬದಲಿಸಿದ್ದೀನಿ. ಹಾಕಿಕೊಟ್ಟವರು ಫೋನ್ ಎತ್ತಲ್ಲ. ಏನು ಮಾಡೋದು ಯಾರಾದ್ರೂ ಬೇಗ ಹೇಳಿ, ಸಗಣಿ ಗೊರಸು ಮುಳುಗೋ ಮಟ್ಟಕ್ಕೆ ಬಂದಿದೆ.

ಕಬ್ಬಿಣದ_ಕೈ
ಕೊಕ್ಕೆನೇ, ಬೇರೇನೂ ಅಲ್ಲ. ಸ್ಪ್ರಿಂಗ್ ಬದಲಿಸಿದ್ರೆ ಸಾಲಲ್ಲ, ಪಿನ್ ಬಿಚ್ಚಿ. ರಾಗಿ ಹುಲ್ಲಿನ ಎಳೆ ಪಿನ್ನಿಗೆ ಸುತ್ತಿಕೊಂಡು, ಮೇಲೆ ಸಗಣಿ ಒಣಗಿದ್ರೆ ಕೊಕ್ಕೆ ಎತ್ತಿದಲ್ಲೇ ಕೂತಿರುತ್ತೆ, ಬಾರಿನ ಕಚ್ಚಿಗೆ (ಕೊಕ್ಕೆ ಸಿಕ್ಕೋ ಜಾಗಕ್ಕೆ) ಬೀಳಲ್ಲ. ಬಿಸಿಲೇರಿದಾಗ ಒಣಗೋದು ಜಾಸ್ತಿ, ಅದಕ್ಕೇ ಮಧ್ಯಾಹ್ನ. ನೀರು ಹೊಡೆದು ತೊಳೀರಿ, ಕೈಯಲ್ಲಿ ಎತ್ತಿ ಬಿಟ್ರೆ ಟಪ್ ಅಂತ ಬೀಳ್ಬೇಕು. ಗ್ರೀಸ್ ಮಾತ್ರ ಹಚ್ಚಬೇಡಿ, ಮರಳು ಹಿಡಿದು ಇನ್ನೂ ಹಾಳಾಗುತ್ತೆ. ಬಾರಿನ ಕಚ್ಚುಗಳ ಅಂಚೂ ನೋಡಿ. ದುಂಡಗೆ ಸವೆದಿದ್ರೆ ಕೊಕ್ಕೆ ಜಾರುತ್ತೆ, ವೆಲ್ಡ್ ತುಂಬಿ ಗ್ರೈಂಡರಲ್ಲಿ ಚೌಕ ಮಾಡ್ಬೇಕು.

ಕೋಲಾರ_ಹೈನು
ಪಿನ್ ಬಿಚ್ಚಿ ತೊಳೆದೆ. ಟಪ್ ಅಂತಲೇ ಬೀಳುತ್ತೆ. ಅಂಚುಗಳೂ ಚೌಕವಾಗೇ ಇವೆ. ಮಧ್ಯಾಹ್ನ ಮತ್ತೆ ಅದೇ ಕಥೆ, ಎರಡೂ ಸಾಲಲ್ಲಿ.

ಬೆಳ್ತಂಗಡಿ_ಹಟ್ಟಿ
ಎಣ್ಣೆ ಯಾವುದು ಹಾಕಿದ್ದು ಮಾರಾಯ್ರೆ? ಬಿಸಿಯಾದಾಗ ಮಾತ್ರ ತೊಂದರೆ ಅಂದ್ರೆ ಎಣ್ಣೆ ತೆಳು ಆಗುವುದು, ಅಷ್ಟೇ. 32 ನಂಬರಿನ ತೆಳು ಎಣ್ಣೆ ಹಾಕಿದ್ರೆ ಮುಗೀತು, ದಪ್ಪದ 68 ಹಾಕಿ. ಟ್ಯಾಂಕಿನ ಒಳಗಿನ ಸಕ್ಷನ್ ಜಾಲರಿ ತೊಳೆದಿರಾ? ಎಣ್ಣೆ ಬದಲಿಸುವವರು ಅದನ್ನು ಮುಟ್ಟುವುದೇ ಇಲ್ಲ.

ಕೋಲಾರ_ಹೈನು
46. ಮೊದಲಿಂದ ಅದೇ. ಜಾಲರಿ ತೊಳೆದಿದ್ದೀನಿ.

ಬೆಳ್ತಂಗಡಿ_ಹಟ್ಟಿ
46 ನಮ್ಮ ಸೆಖೆಗೆ ಸಾಲುವುದಿಲ್ಲ. 68 ಹಾಕಿ ನೋಡಿ, ಮತ್ತೆ ಮಾತಾಡುವ.

ಕಬ್ಬಿಣದ_ಕೈ
ಕೋಲಾರಕ್ಕೂ ಕರಾವಳಿ ಸೆಖೆಗೂ ಏನು ಸಂಬಂಧ? ಡಿಸೆಂಬರ್ ಬೆಳಗಿನ ಚಳಿಯಲ್ಲಿ 68 ಜೇನಿನ ಥರ ಆಗುತ್ತೆ, ಪಂಪ್ ಎಳೆಯೋಕೆ ಆಗದೆ ಕಿರುಚುತ್ತೆ.

ಅಥಣಿ_ಗೌಳಿ
ಎಣ್ಣಿ ಬಿಡ್ರಿ, ಕರೆಂಟ್ ನೋಡ್ರಿ ಮೊದ್ಲ. ಮಧ್ಯಾಹ್ನ ಯಾವ್ದರ ಮ್ಯಾಲೆ ಓಡಸ್ತೀರಿ? ತ್ರೀ ಫೇಸ್ ಇರತೈತೇನು? ಎಣ್ಣಿ ದಾರಿ ಬದಲಸೂ ವಾಲ್ವಿನ ಸೊಲೆನಾಯ್ಡ್ ಕಾಯಿಲ್ 230 ಎಸಿ ಇದ್ದು ವೋಲ್ಟೇಜ್ ಬಿದ್ರ ವಾಲ್ವಿನ ಒಳಗಿನ ಸ್ಪೂಲ್ ಪೂರ್ತಿ ಸರಿಯೂದಿಲ್ಲ, ಕಾಯಿಲ್ ಸುಟ್ಟು ಹೋಕ್ಕತಿ. 24 ಡಿಸಿ ಆದ್ರ ಸುಡೂ ಚಿಂತಿ ಇಲ್ಲ.

ಕೋಲಾರ_ಹೈನು
ಕಾಯಿಲ್ 24 ಡಿಸಿ. ಮಧ್ಯಾಹ್ನ ತ್ರೀ ಫೇಸ್ ಇರಲ್ಲ, ಜನರೇಟರ್ ಮೇಲೆ. ಮೋಟರ್ ಆರಾಮಾಗಿ ತಿರುಗುತ್ತೆ ಸಾರ್, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಅಥಣಿ_ಗೌಳಿ
ಇದನ್ನ ಮೊದ್ಲs ಹೇಳಬೇಕಿಲ್ಲೇನ್ರಿ! ಜನರೇಟರ್‌ಗೆ ಬದಲಿಸಿದಾಗ ಫೇಸ್ ವೈರ್ ಅದಲು ಬದಲು ಆಗಿದ್ರ ಗೇರ್ ಪಂಪ್ ಉಲ್ಟಾ ತಿರಗತೈತಿ, ಶಾಫ್ಟ್ ಸೀಲ್ ಹಾರಿ ಹೋಕ್ಕತಿ.

ಕೋಲಾರ_ಹೈನು
ಉಲ್ಟಾ ತಿರುಗಿದ್ರೆ ಬಾರ್ ಆಡೋದೇ ಇಲ್ವಲ್ಲ. ಆಡ್ತಿದೆ.

ಹಾಲುಹೊಳೆ
ಎಣ್ಣೆ ಒತ್ತಡದ ಮಿತಿ ಕಾಯೋ ರಿಲೀಫ್ ವಾಲ್ವ್ 150 ಬಾರ್ ಒತ್ತಡಕ್ಕೆ ಏರಿಸಿ. ಶಕ್ತಿ ಸಾಲ್ತಾ ಇಲ್ಲ ಅಷ್ಟೇ. ನಮ್ಮಲ್ಲಿ 110 ಹಸು, ಎರಡು ಸಾಲಿಗೂ ರಬ್ಬರ್ ಮ್ಯಾಟ್, ಬಗ್ಗಡ ನೇರವಾಗಿ ಗೋಬರ್ ಗ್ಯಾಸಿಗೆ. 150ರಲ್ಲೇ ಓಡ್ತಿದೆ.

ಸಿಲಿಂಡರ್_63
ದಯವಿಟ್ಟು ಹಾಗೆ ಮಾಡಬೇಡಿ. ಈ ಸೈಜಿನ ಪವರ್‌ಪ್ಯಾಕಿಗೆ ಸಾಮಾನ್ಯವಾಗಿ 3 ಎಚ್‌ಪಿ ಮೋಟರ್, ಸುತ್ತಿಗೆ 8 ಸಿಸಿ ಎಣ್ಣೆ ಕೊಡೋ ಪಂಪ್ ಇರುತ್ತೆ. 1440 ಆರ್‌ಪಿಎಂಗೆ ನಿಮಿಷಕ್ಕೆ 11.5 ಲೀಟರ್. 100 ಬಾರ್ ಒತ್ತಡಕ್ಕೆ ಆ ಮೋಟರಿನ ಶಕ್ತಿ ಪೂರ್ತಿ ಖರ್ಚಾಗುತ್ತೆ. 150ಕ್ಕೆ ನಾಲ್ಕೂವರೆ ಎಚ್‌ಪಿ ಬೇಕು, ಓವರ್‌ಲೋಡ್ ರಿಲೇ ಬೀಳುತ್ತೆ. ಬೀಳದಿದ್ರೆ ಇನ್ನೂ ಅಪಾಯ: 63 ಎಂಎಂ ಬೋರಿನ (ಒಳವ್ಯಾಸದ) ಸಿಲಿಂಡರ್ 100 ಬಾರ್‌ಗೇ ಮೂರು ಟನ್ನಿಗಿಂತ ಜಾಸ್ತಿ ತಳ್ಳುತ್ತೆ. ಹಸು ಕಾಲು ಸಿಕ್ಕಿಸಿಕೊಂಡ್ರೆ ಏನು ಗತಿ?

ಹಾಲುಹೊಳೆ
ನಮ್ಮ ಹಸುಗಳಿಗೆ ಅಭ್ಯಾಸ ಆಗಿದೆ, ಬ್ಲೇಡ್ ಬಂದ್ರೆ ದಾಟ್ತವೆ. ಮತ್ತೆ ನಮ್ಮದು 5 ಎಚ್‌ಪಿ.

ಕಬ್ಬಿಣದ_ಕೈ
ಹಾಗಾದ್ರೆ ಅದನ್ನು ಮೊದಲೇ ಹೇಳೋದಲ್ವಾ. ರಬ್ಬರ್ ಮ್ಯಾಟ್ ಮೇಲೆ ಸ್ಟೀಲ್ ಬ್ಲೇಡ್ ಓಡಿಸ್ತಿದ್ದೀರಾ ಅಥವಾ ತುದಿಗೆ ರಬ್ಬರ್ ಪಟ್ಟಿ ಕಟ್ಟಿದ್ದೀರಾ? ಬರೀ ಸ್ಟೀಲ್ ಆದ್ರೆ ಮ್ಯಾಟಿನ ಜೋಡಣೆಗಳು ಎದ್ದು ಬರುತ್ತವೆ. ಕಾಂಕ್ರೀಟಿಗೆ ಗೀರು ಹೊಡೆಸೋದೇ ವಾಸಿ.

ಹಾಲುಹೊಳೆ
ಗೀರಿನ ಕಾಂಕ್ರೀಟ್ ಮೇಲೆ ಎಷ್ಟು ಹಸುಗಳ ಗೊರಸು ಸವೆದು ಕುಂಟುತ್ತವೆ ಲೆಕ್ಕ ಹಾಕಿ, ಆಮೇಲೆ ಮಾತಾಡಿ.

ಸಿಲಿಂಡರ್_63
ಮ್ಯಾಟ್ ಜಗಳ ಬೇರೆ ಚರ್ಚೆಗೆ ಒಯ್ಯಿರಿ. ಕೋಲಾರದವರೇ, ಎರಡೂ ಸಾಲಲ್ಲಿ ನಿಲ್ಲುತ್ತೆ ಅಂತ ಮೇಲೆ ಬರೆದಿದ್ದೀರಿ, ಅದನ್ನು ಯಾರೂ ಗಮನಿಸಲಿಲ್ಲ. ಎರಡು ಕೊಕ್ಕೆ, ಎರಡು ಬಾರ್, ಎರಡು ಸಿಲಿಂಡರ್ ಒಂದೇ ದಿನ ಕೆಡಲ್ಲ. ಎರಡಕ್ಕೂ ಸೇರಿದ್ದು ಪಂಪ್, ಎಣ್ಣೆ, ಕಂಟ್ರೋಲ್ ಬಾಕ್ಸ್ ಮೂರೇ. ಇಷ್ಟು ಹೇಳಿ:

ಸಿಲಿಂಡರ್ ಸೈಜ್, ಸ್ಟ್ರೋಕ್ (ರಾಡ್ ಓಡುವ ದೂರ) ಎಷ್ಟು? ಬಾರಿನ ಕಚ್ಚಿಂದ ಕಚ್ಚಿಗೆ ಎಷ್ಟು? ಬಾರ್ ಕೊನೆ ಮುಟ್ಟಿತು, ಇನ್ನು ತಿರುಗು ಅಂತ ಬಾಕ್ಸಿಗೆ ಹೇಳೋದು ಯಾವುದು, ಲೋಹ ಹತ್ತಿರ ಬಂದ್ರೆ ಸಿಗ್ನಲ್ ಕೊಡೋ ಪ್ರಾಕ್ಸಿ ಸೆನ್ಸಾರಾ, ಒತ್ತಡ ಏರಿದ್ರೆ ಸಿಗ್ನಲ್ ಕೊಡೋ ಪ್ರೆಷರ್ ಸ್ವಿಚ್ಚಾ? ಸಿಲಿಂಡರ್ ರಾಡಿನ ಮೇಲೆ ಮಾರ್ಕರ್‌ನಲ್ಲಿ ಗುರುತು ಹಾಕಿ, ಬೆಳಿಗ್ಗೆ ಒಮ್ಮೆ, ನಿಂತಾಗ ಒಮ್ಮೆ ಎಷ್ಟು ಹೊರಗೆ ಬರುತ್ತೆ ಟೇಪ್ ಹಿಡಿದು ಅಳೆಯಿರಿ. ಬಾರ್ ಓಡುವ ಕಾಲುವೆಗೆ ಕೈ ಹಾಕೋ ಮೊದಲು ಎಂಸಿಬಿ ಇಳಿಸಿ, ಆಟೋದಲ್ಲಿ ಬಿಟ್ಟು ಹಾಕಬೇಡಿ.

ಕೋಲಾರ_ಹೈನು
63 ಬೋರ್, ರಾಡ್ 36, ಸ್ಟ್ರೋಕ್ 2 ಮೀಟರ್. ಕಚ್ಚು 1.8 ಮೀಟರಿಗೊಂದು. ಬೆಳಿಗ್ಗೆ ಅಳೆದೆ, ಪೂರ್ತಿ 2 ಮೀಟರ್ ಬಂತು. ಮಧ್ಯಾಹ್ನ ನಿಂತಾಗ 1.65. ಪ್ರಾಕ್ಸಿ ಈಗ ಇಲ್ಲ. ದೀಪಾವಳಿ ಹೊತ್ತಿಗೆ ಇಲಿ ಕೇಬಲ್ ಕಡಿದಿತ್ತು. ಎಲೆಕ್ಟ್ರಿಷಿಯನ್ ಟೈಮರ್ ಹಾಕಿಕೊಟ್ಟ, ಹೋಗೋಕೆ 36 ಸೆಕೆಂಡ್, ಬರೋಕೆ 36 ಸೆಕೆಂಡ್. ಅದು ಸರಿಯಾಗೇ ಕೆಲಸ ಮಾಡ್ತಿದೆ, ಅದಕ್ಕೇ ಬರೀಲಿಲ್ಲ.

ಬೆಳ್ತಂಗಡಿ_ಹಟ್ಟಿ
ದೇವರೇ.

ಸಿಲಿಂಡರ್_63
ಸಿಕ್ತು. ಸ್ಟ್ರೋಕ್ 2 ಮೀಟರ್, ಕಚ್ಚು 1.8, ಅಂದ್ರೆ ನಿಮಗಿರೋ ಜಾಗ 20 ಸೆಂ.ಮೀ. ಮಾತ್ರ. ಬಾರ್ 1.8ಕ್ಕಿಂತ ಕಮ್ಮಿ ಓಡಿದ್ರೆ ಮುಂದಿನ ಕಚ್ಚು ಕೊಕ್ಕೆಯ ಕೆಳಗೆ ಬರೋದೇ ಇಲ್ಲ. ಕೊಕ್ಕೆ ಮತ್ತೆ ಹಳೇ ಕಚ್ಚಲ್ಲೇ ಬೀಳುತ್ತೆ. ಬಾರ್ ಆಡುತ್ತೆ, ಬ್ಲೇಡ್ ಅಲ್ಲೇ.

ಯಾಕೆ ಕಮ್ಮಿ ಓಡುತ್ತೆ? 63 ಬೋರ್ 2 ಮೀಟರ್ ಹೊರಗೆ ಬರೋಕೆ 6.2 ಲೀಟರ್ ಎಣ್ಣೆ ಬೇಕು. 11.5 ಲೀಟರ್ ಪಂಪಿಗೆ ಲೆಕ್ಕದಲ್ಲಿ 32-33 ಸೆಕೆಂಡ್, ಪಂಪಿನ ಒಳಗಿನ ಸೋರಿಕೆ ಸೇರಿ ಸುಮಾರು 35. ನಿಮ್ಮ ಟೈಮರ್ 36. ತಣ್ಣಗಿದ್ದಾಗಲೇ ಒಂದು ಸೆಕೆಂಡ್ ಉಳಿಯೋದು. ಎಣ್ಣೆ ಬಿಸಿಯಾಗಿ ತೆಳುವಾದ್ರೆ ಸೋರಿಕೆ ಜಾಸ್ತಿ, ಅದೇ ದೂರಕ್ಕೆ 40-41 ಸೆಕೆಂಡ್ ಹಿಡಿಯುತ್ತೆ. ಅದರ ಮೇಲೆ ಜನರೇಟರ್ 50 ಹರ್ಟ್ಸ್ ಬದಲು 47ಕ್ಕೆ ಇಳಿದ್ರೆ ಮೋಟರಿನ ವೇಗವೂ ಅಷ್ಟೇ ಇಳಿಯುತ್ತೆ, 43-44 ಸೆಕೆಂಡ್. 36ಕ್ಕೆ ಟೈಮರ್ ವಾಪಸ್ ತಿರುಗಿಸಿದಾಗ ಬಾರ್ 1.65ರಲ್ಲಿರುತ್ತೆ. ನೀವು ಅಳೆದದ್ದೂ ಅದೇ.

ಇನ್ನೊಂದು ಇದೆ. ಒಳಗೆ ಬರೋವಾಗ ರಾಡ್ ಜಾಗ ತಿಂದಿರೋದ್ರಿಂದ 4.2 ಲೀಟರ್ ಸಾಕು, 24 ಸೆಕೆಂಡಲ್ಲಿ ಮುಗಿಯುತ್ತೆ. ನಿಮ್ಮ ಟೈಮರ್ ಅಲ್ಲೂ 36 ಕೊಡ್ತಿದೆ. ಉಳಿದ 12 ಸೆಕೆಂಡ್ ಸಿಲಿಂಡರ್ ಕೊನೆಯಲ್ಲಿ ನಿಂತಿರುತ್ತೆ, ಪಂಪ್ ಎಣ್ಣೆಯನ್ನೆಲ್ಲ 100 ಬಾರಲ್ಲಿ ರಿಲೀಫ್ ವಾಲ್ವ್ ಮೇಲೆ ಹರಿಸುತ್ತೆ. ಅದಷ್ಟೂ ಬರೀ ಶಾಖ. ಟೈಮರೇ ಎಣ್ಣೆ ಕಾಯಿಸ್ತಿದೆ, ಕಾದ ಎಣ್ಣೆ ಟೈಮರನ್ನು ಸೋಲಿಸ್ತಿದೆ.

ಅಥಣಿ_ಗೌಳಿ
ನಾ ಜನರೇಟರ್ ಅಂದಿದ್ದೆ.

ಬೆಳ್ತಂಗಡಿ_ಹಟ್ಟಿ
ನಾನು ಎಣ್ಣೆ ಅಂದಿದ್ದೆ.

ಕಬ್ಬಿಣದ_ಕೈ
ಸರಿ, ಕೊಕ್ಕೆ ಅಲ್ಲ.

ಕೋಲಾರ_ಹೈನು
ಹಾಗಾದ್ರೆ ಟೈಮರ್ 50 ಸೆಕೆಂಡ್ ಮಾಡಿಬಿಡ್ತೀನಿ?

ಸಿಲಿಂಡರ್_63
ಹೊರಗೆ ಹೋಗೋಕೆ 50, ಒಳಗೆ ಬರೋಕೆ 30 ಅಂತ ಇವತ್ತಿನ ಮಟ್ಟಿಗೆ ಇಟ್ಟು ಸಗಣಿ ಎತ್ತಿ. ಎರಡಕ್ಕೂ 50 ಇಟ್ರೆ ಎಣ್ಣೆ ಇನ್ನೂ ಕಾಯುತ್ತೆ. ಟೈಮರಿಗೆ ಕಣ್ಣಿಲ್ಲ. ಬ್ಲೇಡಿಗೆ ಹಸು ಕಾಲು ಸಿಕ್ಕಿದ್ರೂ ಸಮಯ ಮುಗಿಯೋವರೆಗೆ ತಳ್ತಾನೇ ಇರುತ್ತೆ.

ಶಾಶ್ವತಕ್ಕೆ ಪ್ರಾಕ್ಸಿ ವಾಪಸ್ ಹಾಕಿಸಿ. ಸಾಲಿಗೆ ಎರಡು, ಎಂ18 ಇಂಡಕ್ಟಿವ್, ಸಗಣಿ ಮೆತ್ತಿದ್ರೂ ಕೆಲಸ ಮಾಡುತ್ತೆ. ಗುರುತಿನ ಪ್ಲೇಟಿಗೂ ಸೆನ್ಸಾರಿಗೂ 4-5 ಎಂಎಂ ಅಂತರ, ಸ್ಟ್ರೋಕಿನ ಕೊನೆಗೆ 2 ಸೆಂ.ಮೀ. ಇರುವಾಗಲೇ ಹತ್ತಿಕೊಳ್ಳೋ ಹಾಗೆ ಕೂರಿಸಿ. ಕೇಬಲ್ ಜಿಐ ಪೈಪಿನೊಳಗೆ ಎಳೆಸಿ, ಎರಡೂ ಬಾಯಿಗೆ ಗ್ಲ್ಯಾಂಡ್, ಇಲ್ಲದಿದ್ರೆ ಇಲಿ ಮತ್ತೆ ಬರುತ್ತೆ. ಜೊತೆಗೆ ಪ್ರೆಷರ್ ಸ್ವಿಚ್: ಸಗಣಿ ಎಳೆಯುವಾಗ ಗೇಜ್ ಎಷ್ಟು ತೋರಿಸುತ್ತೋ ಅದಕ್ಕಿಂತ 15 ಬಾರ್ ಮೇಲೆ ಸೆಟ್ ಮಾಡಿ, ಬ್ಲೇಡ್ ಏನಕ್ಕಾದ್ರೂ ಬಡಿದ್ರೆ ಪಂಪ್ ನಿಂತು ಗಂಟೆ ಬಾರಿಸಲಿ. ಟೈಮರ್ ಎಸೀಬೇಡಿ, 60 ಸೆಕೆಂಡಿಗೆ ಇಟ್ಟು ಕಾವಲಿಗೆ ಬಳಸಿ. ಅಷ್ಟರಲ್ಲಿ ಪ್ರಾಕ್ಸಿ ಸಿಗ್ನಲ್ ಬರದಿದ್ರೆ ಮೋಟರ್ ನಿಲ್ಲಬೇಕು, ವಾಪಸ್ ತಿರುಗಬಾರದು.

ಕೋಲಾರ_ಹೈನು
ನಾಲ್ಕು ದಿನದ ಮೇಲೆ ಬರೀತಿದ್ದೀನಿ. ಪ್ರಾಕ್ಸಿ ಬಂತು. ಎಳೆಯುವಾಗ ಗೇಜ್ 50, ಸ್ವಿಚ್ 65ಕ್ಕೆ ಇಟ್ಟೆ. ಜನರೇಟರ್ ಮೇಲೂ ಕೊನೆತನಕ ಹೋಗಿ ವಾಪಸ್ ಬಂತು. ಮಧ್ಯಾಹ್ನ ಟ್ಯಾಂಕ್ ಮುಟ್ಟಿದ್ರೆ ಕೈ ಇಡಬಹುದು, ಮೊದಲು ಆಗ್ತಿರಲಿಲ್ಲ. ಹೊರಗೆ ಹೋಗೋಕೆ 38 ಸೆಕೆಂಡ್. ಪಂಪ್ ಬದಲಿಸ್ಬೇಕಾ?

ಸಿಲಿಂಡರ್_63
ಬೇಡ. ಗ್ರಿಡ್ ಕರೆಂಟಲ್ಲಿ, ಎಣ್ಣೆ ಬಿಸಿ ಇದ್ದಾಗ ತಿಂಗಳಿಗೊಮ್ಮೆ ಟೈಮ್ ನೋಡಿ ಗೋಡೆ ಮೇಲೆ ಬರೆದಿಡಿ. 45 ದಾಟಿದ್ರೆ ಪಂಪ್ ಸವೆದಿದೆ ಅಂತ. ಜನರೇಟರಿಗೆ ಮೇವು ಕತ್ತರಿಸೋ ಮಷೀನೂ ಸ್ಕ್ರೇಪರೂ ಒಟ್ಟಿಗೆ ಹಾಕ್ತೀರಾ?

ಕೋಲಾರ_ಹೈನು
ಹೌದು, ಎರಡೂ ಅದೇ ಹೊತ್ತಿಗೆ.

ಅಥಣಿ_ಗೌಳಿ
ಅದs ನೋಡ್ರಿ 47ಕ್ಕ ಇಳಿಯೂದು. ಒಂದು ಮುಗಿದ ಮ್ಯಾಲೆ ಇನ್ನೊಂದು ಹಚ್ರಿ.

ಹಾಲುಹೊಳೆ
ರಬ್ಬರ್ ಮ್ಯಾಟ್ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ. ತುದಿಗೆ ಕಟ್ಟೋ ಪಟ್ಟಿ ಎಷ್ಟು ಎಂಎಂ ದಪ್ಪ ತಗೋಬೇಕು?