ಹದ, ಬೆದೆ, ಹಸಿ: ಎಲ್ಲಾ ಕಡೆ 'ತೇವಾಂಶ' ಅಂತ ಬರೆದ್ರೆ ಸಾಕಾ?

ಎಲ್ರಿಗೂ ನಮಸ್ಕಾರ. ಒಂದು ಪದದ ವಿಷ್ಯದಲ್ಲಿ ನಿಮ್ಮ ಸಹಾಯ ಬೇಕಿತ್ತು. ಪದ 'ಹದ', ಎರಡೇ ಅಕ್ಷರದ್ದು, ಆದ್ರೆ ಎರಡು ತಿಂಗಳಿಂದ ತಲೇಲಿ ಕೂತ್ಬಿಟ್ಟಿದೆ.

ಒಣಬೇಸಾಯದಲ್ಲಿ ಮಣ್ಣು ಮತ್ತು ಬೆಳೆ ನೋಡ್ಕೊಳ್ಳೋದು ಹೇಗೆ ಅಂತ ರೈತರಿಗೆ ಹಂಚೋ ಒಂದು ಕೈಪಿಡೀನ ಇಂಗ್ಲಿಷಿಂದ ಕನ್ನಡಕ್ಕೆ ತರ್ತಾ ಇದೀನಿ. ಮೂಲದಲ್ಲಿ ಪುಟಕ್ಕೆ ನಾಲ್ಕು ಸಲ 'ಸಾಯಿಲ್ ಮಾಯಿಶ್ಚರ್' ಬರುತ್ತೆ, ನಾನೂ ನಾಲ್ಕು ಸಲ 'ಮಣ್ಣಿನ ತೇವಾಂಶ' ಅಂತ ಬರ್ಕೊಂಡು ಹೋದೆ. 'ಆಪ್ಟಿಮಮ್ ಮಾಯಿಶ್ಚರ್' ಅಂತ ಬಂದ ಕಡೆ 'ಸೂಕ್ತ ತೇವಾಂಶ'. ಒಂದಿನ ಸಂಜೆ ಮನೇಲಿ ಮಾವನವ್ರಿಗೆ ಓದಿ ಹೇಳ್ತಾ ಇದ್ದೆ, ಅವ್ರು ವಿಜಯಪುರ ಜಿಲ್ಲೆಯ ಎರೆ (ಕಪ್ಪು ಮಣ್ಣಿನ) ಹೊಲದಲ್ಲೇ ಜೀವನ ಕಳೆದವ್ರು, 'ಸೂಕ್ತ ತೇವಾಂಶ ಇರುವಾಗ ಹರಗಬೇಕು' (ಅಡ್ಡ ಅಲಗಿನ ಕುಂಟೆ ಹೊಡೆದು ಮೇಲ್ಮಣ್ಣು ಸಡಿಲ ಮಾಡಬೇಕು) ಅನ್ನೋ ಸಾಲಿಗೆ ತಡೆದು "ಸೂಕ್ತ ಅಂದ್ರ ಎಷ್ಟವಾ?" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ಅವ್ರೇ ಹೇಳಿದ್ರು, "ಹದಾ ಬಂದಾಗ ಅಂತ ಬರಿ. ಹಸಿ ಬ್ಯಾರೆ, ಹದಾ ಬ್ಯಾರೆ. ಹಸಿ ಇದ್ದದ್ದೆಲ್ಲಾ ಹದಾ ಆಗೂದಿಲ್ಲ, ಹಸಿ ಐತಂತ ಗಳೆ ಹೊಡದ್ರ ಬರೇ ಹೆಂಟಿ ಏಳ್ತಾವ." (ಗಳೆ ಹೊಡೆಯೋದು ಅಂದ್ರೆ ಉಳೋದು, ಹೆಂಟಿ ಅಂದ್ರೆ ಮಣ್ಣಿನ ಗಡ್ಡೆ.)

ಅಲ್ಲಿಂದ ಶುರುವಾಯ್ತು ನೋಡಿ ನನ್ನ ಹುಡುಕಾಟ. ಅವ್ರ ಮಾತಲ್ಲಿ ಎರಡು ಬೇರೆ ಸಂಗತಿ ಇದೆ. ಹಸಿ ಅಂದ್ರೆ ಮಣ್ಣಲ್ಲಿ ನೀರಿದೆ ಅಂತ, ಅಷ್ಟೇ. ಹದ ಅಂದ್ರೆ ಆ ನೀರು, ಆ ಮಣ್ಣು, ಕೈಯಲ್ಲಿರೋ ಕುಂಟೆ, ಮಾಡಬೇಕಾದ ಕೆಲಸ, ಇವೆಲ್ಲ ಒಂದಕ್ಕೊಂದು ಒಪ್ಪೋ ಹೊತ್ತು. ನಾನು ಎರಡನ್ನೂ ಸೇರಿಸಿ 'ತೇವಾಂಶ' ಅಂತ ಒಂದೇ ಚೀಲಕ್ಕೆ ತುಂಬಿಬಿಟ್ಟಿದ್ದೆ.

ಲ್ಯಾಬಲ್ಲಿ ತೇವಾಂಶ ಅಳೆಯೋದು ಹೇಗೆ ಅಂದ್ರೆ ಹಸಿ ಮಣ್ಣು ತೂಗ್ತಾರೆ, 105 ಡಿಗ್ರಿ ಶಾಖದ ಓವನ್ನಲ್ಲಿ 24 ಗಂಟೆ ಇಟ್ಟು ಒಣಗಿಸಿ ಮತ್ತೆ ತೂಗ್ತಾರೆ, ಹೋದ ತೂಕ ಒಣಮಣ್ಣಿನ ತೂಕಕ್ಕೆ ಶೇಕಡ ಎಷ್ಟು ಅಂತ ಲೆಕ್ಕ ಹಾಕ್ತಾರೆ. ಅದು ಸಂಖ್ಯೆ, ಅದಕ್ಕೆ ತೇವಾಂಶ ಅನ್ನೋ ಪದ ಸರಿಯಾಗೇ ಇದೆ, ನನ್ನ ತಕರಾರಿಲ್ಲ. ಆದ್ರೆ ಆ ಸಂಖ್ಯೆ ಒಂದೇ ಸಾಕಾಗಲ್ಲ. ಜಿಗುಟು ಎರೆ ಮಣ್ಣಲ್ಲಿ ಶೇಕಡ 20ರಷ್ಟು ನೀರಿದ್ರೂ ಗಿಡ ಬಾಡೋ ಹಂತಕ್ಕೆ ಬಂದಿರಬಹುದು, ಯಾಕಂದ್ರೆ ಅಷ್ಟು ಸಣ್ಣ ಕಣದ ಮಣ್ಣು ನೀರನ್ನ ಬಿಗಿಯಾಗಿ ಹಿಡ್ಕೊಂಡಿರುತ್ತೆ, ಬೇರಿಗೆ ಬಿಟ್ಟುಕೊಡಲ್ಲ. ಮರಳು ಮಿಶ್ರಿತ ಕೆಂಪು ಮಣ್ಣಲ್ಲಿ ಶೇಕಡ 10 ಇದ್ರೆ ಪೈರು ನಗ್ತಾ ಇರುತ್ತೆ. ರೈತ ಮಾಡೋ ಪರೀಕ್ಷೆ ಬೇರೆ. ಒಂದು ಹಿಡಿ ಮಣ್ಣು ತಗೊಂಡು ಅಮುಕಿ ಉಂಡೆ ಮಾಡ್ತಾನೆ, ಉಂಡೆ ಕಟ್ಟಬೇಕು, ಆದ್ರೆ ಬೆರಳಲ್ಲಿ ಒತ್ತಿದ್ರೆ ಪುಡಿಯಾಗಬೇಕು, ಅಂಗೈಗೆ ಮೆತ್ಕೋಬಾರದು. ಅದು ಹದ.

ಎರೆ ಹೊಲದಲ್ಲಿ ಈ ಪದಕ್ಕೆ ಯಾಕಿಷ್ಟು ಬೆಲೆ ಅಂದ್ರೆ ಅಲ್ಲಿ ಹದ ಸಿಗೋ ಅವಧಿ ತುಂಬಾ ಕಮ್ಮಿ. ಜಾಸ್ತಿ ನೆನೆದಿದ್ರೆ ಕಾಲಿಡೋಕಾಗಲ್ಲ, ಒಣಗಿದ್ರೆ ಕಲ್ಲು, ನಡುವೆ ಒಂದೆರಡು ದಿನ. ಹೈದರಾಬಾದ್ ಹತ್ರ ಪಟಾನ್‌ಚೆರುವಿನಲ್ಲಿ 1972ರಲ್ಲಿ ಶುರುವಾದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನವ್ರು ನಂಬಿಕಸ್ತ ಮಳೆ ಬೀಳೋ ಕಡೆಯ ಎರೆ ಭೂಮೀಲಿ ಮುಂಗಾರು ಹತ್ತೋಕೆ ಮುಂಚೆ ಒಣಮಣ್ಣಲ್ಲೇ ಬಿತ್ತಿಬಿಡಿ ಅಂತ ಹೇಳಿದ್ದೂ ಇದೇ ಕಾರಣಕ್ಕೆ, ಒಮ್ಮೆ ಮಳೆ ಹಿಡಿದ್ರೆ ಹೊಲದೊಳಗೆ ಹೋಗೋಕೆ ಹದ ಸಿಗಲ್ಲ. ವಿಜಯಪುರದ ಕಡೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನ ಎರೆ ಹೊಲಗಳನ್ನ ಮುಂಗಾರಿಗೆ ಖಾಲಿ ಬಿಟ್ಟು, ಚೌಕು ಮಡಿ (ಸುತ್ತ ಸಣ್ಣ ಬದು ಇರೋ ಚೌಕಗಳು) ಹಾಕಿ ನೀರು ಇಂಗಿಸಿ, ಉತ್ತರಿ ಹಸ್ತ ಮಳೆಗೆ ಹಿಂಗಾರಿ ಜೋಳ ಬಿತ್ತೋದು. ಅಂದ್ರೆ ಜೂನ್ ಜುಲೈಯಿಂದ ಕೂಡಿಟ್ಟ ಹಸಿ ಒಂದು ದಿನದ ಹದಕ್ಕೆ ಕಾಯ್ತಾ ಇರುತ್ತೆ. ಇದನ್ನ 'ಸೂಕ್ತ ತೇವಾಂಶ' ಅಂದ್ರೆ ಓದುಗನಿಗೆ ಏನೂ ದಕ್ಕಲ್ಲ.

ಇನ್ನು ಬೆದೆ. ನಾನು ಪಾವಗಡ ಕಡೆಯೋಳು, ಕೆಂಪು ಮಣ್ಣು, ಕಡ್ಲೆಕಾಯಿ ಸೀಮೆ. ನಮ್ಮಲ್ಲಿ ಮಳೆ ಬಂದ ಮಾರನೇ ದಿನ ಕೇಳೋ ಮೊದಲ ಮಾತು "ಬೆದೆ ಆಗೈತಾ?" ಬೆದೆ ಅಂದ್ರೆ ಬಿತ್ತನೆಗೆ ಬೇಕಾದಷ್ಟು ಮಣ್ಣು ನೆನೆದಿದೆ ಅಂತ. ಉಕ್ಕೆಗೆ (ಉಳುಮೆಗೆ) ಹದ, ಬಿತ್ತನೆಗೆ ಬೆದೆ, ಹೀಗೊಂದು ಅಂತರ ನಮ್ಮ ಕಿವಿಗಿತ್ತು ಅನ್ಸುತ್ತೆ, ಖಂಡಿತ ಅಂತ ಹೇಳಲಾರೆ, ಎರಡನ್ನೂ ಬೆರೆಸಿ ಆಡೋರೂ ಇದ್ರು. ಹೀಗಾಗಿ ಕೈಪಿಡೀಲಿ ಒಂದು ಕಡೆ 'ಬೆದೆ ಬಂದ ಕೂಡಲೇ ಬಿತ್ತಿ' ಅಂತ ಬರೆದಿದ್ದೆ. ವಿಜಯಪುರದ ಕಡೆ ಓದಿದವ್ರಿಗೆ ಅದು ಹೊಂದಲೇ ಇಲ್ಲ, ಅವ್ರಿಗೆ ಬೆದಿ ಅಂದ್ರೆ ಹಸು ಎಮ್ಮೆ ಗಬ್ಬಕ್ಕೆ ಬರೋದು ಮಾತ್ರ. ನಮ್ಮಲ್ಲೂ ಆ ಅರ್ಥ ಇದೆ, ಜೊತೆಗೆ ಹೊಲಕ್ಕೂ ಇದೆ. ಬೀಜ ಹಿಡಿಯೋಕೆ ತಯಾರಾದ ಭೂಮಿ, ಕರು ಹಿಡಿಯೋಕೆ ತಯಾರಾದ ಹಸು, ಎರಡಕ್ಕೂ ಒಂದೇ ಪದ ಅನ್ನೋದು ನನಗೆ ಬಹಳ ಚಂದ ಕಾಣ್ಸುತ್ತೆ. ಆದ್ರೆ ಚಂದ ಕಂಡಿದ್ದಕ್ಕೇ ನಂಬೋಕಾಗಲ್ಲ ಅಲ್ವಾ, ತಮಿಳಿನ 'ವಿದೈ' ಅಂದ್ರೆ ಬೀಜ, ಬಿತ್ತನೆಯ ಬೆದೆ ಆ ಕಡೆಯದಾಗಿ, ಹಸುವಿನ ಬೆದೆ ಬೇರೆ ಮೂಲದ್ದಾಗಿ, ಉಚ್ಚಾರದಲ್ಲಿ ಮಾತ್ರ ಬಂದು ಒಂದಾಗಿರಬಹುದಾ? ನಿಘಂಟು ಬಲ್ಲೋರು ದಯವಿಟ್ಟು ಹೇಳಿ.

ಹದದ ಮೂಲದ ಬಗ್ಗೆ ನನಗೆ ಇಷ್ಟು ಗೊತ್ತು. ಹಳಗನ್ನಡದ 'ಪದ' ಹೊಸಗನ್ನಡದಲ್ಲಿ 'ಹದ' ಆಗಿದೆ, ಪಾಲು ಹಾಲಾದ ಹಾಗೆ. ಒಂಬತ್ತನೇ ಶತಮಾನದ ಕವಿರಾಜಮಾರ್ಗದಲ್ಲಿ ಕನ್ನಡ ನಾಡಿನ ಜನ 'ಪದನಱಿದು ನುಡಿಯಲುಂ' ಬಲ್ಲೋರು ಅಂತ ಬರುತ್ತಲ್ಲ, ನಾವೆಲ್ಲ ಭಾಷಣದಲ್ಲಿ ಸಾವಿರ ಸಲ ಕೇಳಿದ ಸಾಲು, ಆ ಪದವೇ ಮಾವನವ್ರ ಬಾಯಲ್ಲಿ ಮಣ್ಣಿನ ಮೇಲೆ ಕೂತಿದೆ. ತಮಿಳಲ್ಲಿ 'ಪದಂ' ಅಂದ್ರೆ ಪಾಕ. ತೆಲುಗಲ್ಲಿ 'ಪದುನು' ಅಂದ್ರೆ ಉಳುಮೆಗೆ ತಕ್ಕ ಹಸಿ, ಕತ್ತಿಯ ಹರಿತಕ್ಕೂ ಅದೇ ಮಾತು. ನಮ್ಮೂರ ಪಕ್ಕದ ತೆಲುಗು ಮನೆಗಳಲ್ಲಿ ಚಿಕ್ಕಂದಿನಿಂದ ಕೇಳಿದ್ದೆ, ಹದಕ್ಕೆ ಜೋಡಿಸಿ ನೋಡಿರಲಿಲ್ಲ. ಕನ್ನಡದಲ್ಲಿ ಬೆಲ್ಲದ ಪಾಕಕ್ಕೆ ಹದ, ಚರ್ಮಕ್ಕೆ ಹದ. ಪೇಪರಲ್ಲಿ ದಿನಾ ಓದೋ 'ಹದಗೆಟ್ಟ ರಸ್ತೆ' ಕೂಡ ಹದ ಕೆಟ್ಟದ್ದೇ.

ಈ ಪದ ಪುಸ್ತಕಕ್ಕೆ ಯಾಕೆ ಬರಲಿಲ್ಲ ಅನ್ನೋದಕ್ಕೆ ನನ್ನದೊಂದು ಊಹೆ ಇದೆ. ದೇಶದಲ್ಲಿ ಒಣಬೇಸಾಯದ ಸಂಶೋಧನೆಗೆ ಅಂತ 1933ರಿಂದ 1935ರ ಒಳಗೆ ಐದು ಕೇಂದ್ರ ತೆರೆದ್ರು: ಸೊಲ್ಲಾಪುರ, ವಿಜಯಪುರ, ಹಗರಿ, ರಾಯಚೂರು, ರೋಹ್ಟಕ್. ಐದರಲ್ಲಿ ಮೂರು ಇವತ್ತಿನ ಕರ್ನಾಟಕದಲ್ಲಿವೆ! ಆದ್ರೆ ಆಗ ವಿಜಯಪುರ ಮುಂಬಯಿ ಪ್ರಾಂತ್ಯಕ್ಕೆ, ಬಳ್ಳಾರಿಯ ಹಗರಿ ಮದ್ರಾಸಿಗೆ, ರಾಯಚೂರು ನಿಜಾಮರಿಗೆ ಸೇರಿತ್ತು. ಕನ್ನಡದ ಹೊಲದಲ್ಲಿ ಕೆಲಸ, ವರದಿ ಇಂಗ್ಲಿಷಲ್ಲಿ, ಆಡಳಿತ ಮೂರು ಕಡೆ. ಆಶ್ಚರ್ಯ ಏನಂದ್ರೆ ಆ ಇಂಗ್ಲಿಷ್ ಬರಹಗಳಿಗೆ ನಾಡಿನ ಪದ ಬೇಡವಾಗಿರಲಿಲ್ಲ, ನಮ್ಮ ಕುಂಟೆಗೆ ತೆಲುಗಿನವ್ರು ಹೇಳೋ 'ಗುಂಟಕ', ಮಧ್ಯಭಾರತದ 'ಬಖರ್', ಇವೆಲ್ಲ ಇಂಗ್ಲಿಷ್ ಕೃಷಿ ಪುಸ್ತಕಗಳಲ್ಲಿ ಹಾಗೇ ಕೂತಿವೆ. ಕನ್ನಡಕ್ಕೆ ತರುವಾಗ ನಾವೇ 'ತೇವಾಂಶ', 'ಮಣ್ಣಿನ ಭೌತಿಕ ಸ್ಥಿತಿ' ಅಂತ ಬರೀತೀವಿ.

ಮರಾಠಿಯವ್ರನ್ನ ನೋಡಿ. ಅವ್ರಲ್ಲಿ ಇದೇ ಅರ್ಥಕ್ಕೆ 'ವಾಫಸಾ' ಇದೆ, ಹಳ್ಳೀಲೂ ಅದೇ, ಕೃಷಿ ಸಲಹೆ ಬರೆಯೋವಾಗಲೂ ಅದೇ, 'ವಾಫಸಾ ಬಂದ ಮೇಲೆ ಬಿತ್ತನೆ ಮಾಡಿ' ಅಂತ ನೇರವಾಗಿ ಬರೀತಾರೆ. ಮಹಾರಾಷ್ಟ್ರದ ಕಡೆಯಿಂದ ಶೂನ್ಯ ಬಂಡವಾಳದ ಕೃಷಿ ನಮ್ಮಲ್ಲಿಗೆ ಬಂದಾಗ ಆ ಪದವೂ ಜೊತೆಗೆ ಬಂತು, ಈಗ ನಮ್ಮ ಕೆಲವು ರೈತ್ರು 'ವಾಪಸಾ' ಅಂತ ಪಾಠ ಮಾಡ್ತಾರೆ, ಅಲ್ಲಿ ಅದಕ್ಕೆ ಮಣ್ಣಿನ ಸಂದೀಲಿ ಗಾಳಿ ಮತ್ತು ಆವಿ ಇರೋ ಸ್ಥಿತಿ ಅಂತ ಸ್ವಲ್ಪ ಬೇರೆ ಅರ್ಥ ಕೊಡ್ತಾರೆ. ಬಂದ ಪದ ಬರಲಿ, ನನಗೆ ಸಂಕಟ ಆಗೋದು ಮನೇಲಿದ್ದ ಹದಕ್ಕೆ ಆ ಗೌರವ ಸಿಗಲಿಲ್ಲವಲ್ಲ ಅಂತ. 'ಖುಷ್ಕಿ' ಫಾರ್ಸಿಯಿಂದ ಬಂದು ಕಂದಾಯದ ಕಾಗದದಲ್ಲಿ ಖುಷ್ಕಿ (ಒಣ ಜಮೀನು), ತರಿ (ನೀರಾವರಿ ಗದ್ದೆ), ಬಾಗಾಯ್ತು (ತೋಟ) ಅಂತ ನೆಲೆ ನಿಂತು ಎಷ್ಟು ಕಾಲ ಆಯ್ತು.

ಸದ್ಯಕ್ಕೆ ನಾನು ಮಾಡ್ಕೊಂಡಿರೋ ಏರ್ಪಾಡು ಹೀಗಿದೆ. ಅಳತೆಯ ಸಂಖ್ಯೆ ಬಂದ ಕಡೆ ತೇವಾಂಶ. ಮಣ್ಣಲ್ಲಿ ನೀರು ಉಳ್ಸೋದು, ಆರಿ ಹೋಗೋದು ಅನ್ನೋ ಮಾತು ಬಂದ ಕಡೆ ಹಸಿ, 'ಎಡೆ ಹೊಡೆದ್ರೆ (ಬೆಳೆ ಸಾಲುಗಳ ನಡುವೆ ಕುಂಟೆ ಆಡಿಸಿದ್ರೆ) ಬಿರುಕು ಮುಚ್ಚಿ ಹಸಿ ಉಳಿಯುತ್ತೆ' ಅನ್ನೋ ಹಾಗೆ. ಉಳೋದು, ಹರಗೋದು, ಬಿತ್ತೋದು ಯಾವಾಗ ಅನ್ನೋ ಕಡೆಯೆಲ್ಲ ಹದ. ತೊಡಕು ಬಂದಿರೋದು 'ಫೀಲ್ಡ್ ಕೆಪಾಸಿಟಿ'ಗೆ. ಚೆನ್ನಾಗಿ ನೆನೆದ ಮಣ್ಣಿಂದ ಹೆಚ್ಚುವರಿ ನೀರು ಬಸಿದು ಹೋದ ಮೇಲೆ ಮಣ್ಣು ಹಿಡ್ಕೊಂಡು ಉಳಿಯೋ ನೀರು ಅದು. ಯಾರೋ ಇದಕ್ಕೂ ಹದ ಅಂತ ಹಾಕಿ ಅಂದ್ರು, ನನಗೆ ಒಪ್ಪಿಗೆ ಇಲ್ಲ, ಎರೆ ಮಣ್ಣಲ್ಲಿ ಆ ಹಂತದಲ್ಲೂ ಕುಂಟೆಗೆ ಮಣ್ಣು ಮೆತ್ಕೊಳ್ಳುತ್ತೆ, ಹದ ಬರೋದು ಅದಕ್ಕಿಂತ ಇನ್ನೂ ಸ್ವಲ್ಪ ಆರಿದ ಮೇಲೆ. 'ಹಿಡಿನೀರು' ಅಂತ ಕಟ್ಟಿದೀನಿ, ಆದ್ರೆ ಅದು ನಾನೇ ಕಟ್ಟಿದ್ದು, ಯಾರ ಬಾಯಲ್ಲೂ ಕೇಳಿದ್ದಲ್ಲ, ಹಾಗಾಗಿ ಧೈರ್ಯ ಸಾಲ್ತಾ ಇಲ್ಲ.

ನಿಮ್ಮೂರಲ್ಲಿ ಈ ಮೂರು ಪದ ಹೇಗೆ ಬಳಕೇಲಿವೆ ಅಂತ ತಿಳಿಸ್ತೀರಾ? ಹೊಲಕ್ಕೆ ಬೆದೆ ಅನ್ನೋ ಮಾತು ಉತ್ತರಕ್ಕೆ ಎಲ್ಲೀವರೆಗೆ ಕೇಳುತ್ತೆ, ಚಿತ್ರದುರ್ಗ ದಾಟುತ್ತಾ? ಗದ್ದೆ ಸೀಮೆಯವ್ರು, ಮಂಡ್ಯ ಶಿವಮೊಗ್ಗ ಕಡೆಯವ್ರು, ಕೆಸರು ಮಾಡೋಕೂ ಹದ ಅಂತೀರಾ ಇಲ್ಲಾ ಬೇರೆ ಮಾತಿದೆಯಾ? ಹದ ಕಳೆದು ಹೋದ ಮೇಲಿನ ಸ್ಥಿತಿಗೆ, ಅಂದ್ರೆ ಮೇಲ್ಮಣ್ಣು ಒಣಗಿ ಒಳಗೆ ಮಾತ್ರ ಹಸಿ ಉಳಿದಾಗ, ಕೂರಿಗೆ ಆಳಕ್ಕೆ ಹಾಕಬೇಕಾದಾಗ, ಆ ಹೊಲಕ್ಕೆ ಒಂದು ಹೆಸರಿದೆಯಾ? ಮಾವನವ್ರು "ಹಸಿ ಕೆಳಗ ಇಳದೈತಿ" ಅಂತಾರೆ. ಒಂದೇ ಪದದಲ್ಲಿ ಹೇಳೋರು ಯಾರಾದ್ರೂ ಇದ್ರೆ, ಯಾವ ತಾಲ್ಲೂಕು ಅಂತ ಸೇರಿಸಿ ಬರೀರಿ, ಕೈಪಿಡಿ ಅಚ್ಚಿಗೆ ಹೋಗೋಕೆ ಇನ್ನೂ ಮೂರು ವಾರ ಇದೆ.